ಮಾಸುಮಬಿಯ ಕನಸು ಮತ್ತು ಜೈನಾಪುರದ ಐದು ಎಕರೆ

ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಹಳಿ ದಾಟಿ ಮಾಸುಮಬಿಯ ಮನೆ ಯಾವುದು ಎಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಫಯಾಜನ ಗ್ರಿಲ್ ಅಂಗಡಿ ಎಂದರೆ ಮಾತ್ರ ಕೈ ಎತ್ತಿ ದಾರಿ ತೋರಿಸುತ್ತಾರೆ. ಫಯಾಜ ಅವಳ ಅಳಿಯ. ಅಂಗಡಿಯ ಹಿಂದೆ ಎರಡು ಖೋಲಿಯ ಮನೆ, ಅದರಲ್ಲಿ ಮಗಳು ನಸ್ರೀನಳ ಸಂಸಾರ. ಎರಡು ಖೋಲಿಗಳ ನಡುವೆ ಓಣಿಯಂಥ ಒಂದು ಪಡಸಾಲೆ. ಬಣ್ಣ ಒಣಗಲು ಗೋಡೆಗೆ ಒರಗಿಸಿದ ಕಿಟಕಿ ಗ್ರಿಲ್ಲುಗಳ ಪಕ್ಕದಲ್ಲಿ, ಆ ಪಡಸಾಲೆಯಲ್ಲಿ, ಅರವತ್ತೆರಡು ವರ್ಷದ ಮಾಸುಮಬಿ ಕೌದಿ ಹಾಸಿಕೊಂಡು ಮಲಗುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ಮೇಲಿಟ್ಟು, ತಾನು ಅಲ್ಲಿ ಮಲಗಿಯೇ ಇರಲಿಲ್ಲ ಎಂಬಂತೆ ನೆಲ ಗುಡಿಸಿಬಿಡುತ್ತಾಳೆ. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಲ್ಲ. ಫಯಾಜ ಅತ್ತೆಗೆ ಒಮ್ಮೆಯೂ ಏರುದನಿಯಲ್ಲಿ ಮಾತಾಡಿದವನಲ್ಲ, ಬಂಗಾರದಂಥ ಮನುಷ್ಯ. ಆದರೇನು, ಅಳಿಯನ ಮನೆ ಅಳಿಯನ ಮನೆಯೇ.

ಸ್ವಂತದ್ದೆಂದು ಅವಳ ಹತ್ತಿರ ಇದ್ದದ್ದು ಕನಸುಗಳು ಮಾತ್ರ. ಕನಸು ಎಲ್ಲರಿಗೂ ಬೀಳುತ್ತದೆ, ನಿಜ. ನಮ್ಮ ನಿಮ್ಮ ಕನಸು ಮುಖ ತೊಳೆಯುವಷ್ಟರಲ್ಲಿ ಹರಿದುಹೋಗುತ್ತದೆ. ಮಾಸುಮಬಿಯದು ಮಧ್ಯಾಹ್ನದವರೆಗೂ ಹಸಿಯಾಗಿಯೇ ಇರುತ್ತದೆ. ಅವಳಿಗೆ ಏಳು ವರ್ಷವಿದ್ದಾಗ, ಜೈನಾಪುರದಲ್ಲಿ ತಂದೆ ಲಾಡಲೇಸಾಬರ ಕೆಂದಾಕಳು ಎರಡು ದಿನ ಕಾಣೆಯಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಈ ಹುಡುಗಿ ಕಣ್ಣುಜ್ಜುತ್ತ ಎದ್ದು, ಆಕಳು ಹಾಳು ಬಾವಿಯ ಹತ್ತಿರ ಜಾಲಿ ಕಂಟಿಯೊಳಗೆ ನಿಂತಿದೆ ಎಂದಳು. ಹೋಗಿ ನೋಡಿದರೆ ನಿಂತಿತ್ತು. ಆ ಆಕಳು ಹಿಂದೆಯೂ ಎರಡು ಸಲ ಅಲ್ಲಿಗೇ ಓಡಿಹೋಗಿತ್ತು ಎಂಬುದನ್ನು ಊರು ನೆನೆಯಲಿಲ್ಲ. ಊರಿಗೆ ಬೇಕಾದದ್ದು ಆಕಳಲ್ಲ, ಕನಸು. ಅಂದಿನಿಂದ ಅವಳು ಕನಸಿನ ಮಾಸುಮಾ ಆದಳು.

ಕನಸಿಗೆ ಅವಳು ತನ್ನದೇ ಕಾಯಿದೆ ಮಾಡಿಕೊಂಡಿದ್ದಳು. ಕೆಟ್ಟದ್ದು ಬಿದ್ದರೆ ಬಾಯಿ ಬಿಡದೆ ಹೋಗಿ ಹರಿಯುವ ನೀರಿಗೆ ಹೇಳಬೇಕು. ಜೈನಾಪುರದಲ್ಲಿದ್ದಾಗ ಹಳ್ಳಕ್ಕೆ ಹೇಳುತ್ತಿದ್ದಳು, ಈಗ ಇಬ್ರಾಹಿಂಪುರದ ನಳಕ್ಕೆ ಹೇಳುತ್ತಾಳೆ; ನಳ ಬಾರದ ದಿನ ಕೆಟ್ಟ ಕನಸು ಹೊಟ್ಟೆಯಲ್ಲಿಯೇ ಕುಳಿತಿರುತ್ತದೆ. ಒಳ್ಳೆಯದು ಬಿದ್ದರೆ ಹಿತ ಬಯಸುವವರಿಗೆ ಮಾತ್ರ ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಕಾಯಿದೆ ಎಂದರೆ ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಉಪ್ಪು ಖಾರ ಹಚ್ಚಬಾರದು. ಎದುರು ಮನೆಯ ಗುರುಬಸವ್ವ ಒಮ್ಮೆ ಎಷ್ಟು ಗೋಗರೆದಿದ್ದಳು! ಅವಳ ಮಗಳಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ.

“ಒಂದ ತೊಟ್ಟಿಲಾ ಕಂಡೆ ಅಂತ ಹೇಳ ಯಕ್ಕಾ. ಅಷ್ಟ ಕೇಳಿದ್ರ ಹುಡಿಗಿ ಮನಸ್ಸಿಗೆ ಒಂದೀಟ ಸಮಾಧಾನ ಆಕ್ಕೈತಿ” ಎಂದಿದ್ದಳು.

“ಕಂಡಿಲ್ಲ ಗುರುಬಸವ್ವಾ. ಕಾಣದ್ದ ಕಂಡೇನಿ ಅಂದ್ರ ನಾಳಿಗೆ ಕಂಡದ್ದನ್ನೂ ಯಾರೂ ನಂಬೂದಿಲ್ಲ. ಮೊದಲ ನಾನ ನಂಬೂದಿಲ್ಲ.”

ಗುರುಬಸವ್ವ ಎಂಟು ದಿನ ಮಾತು ಬಿಟ್ಟಿದ್ದಳು. ಆಮೇಲೆ ಚಹಾ ಹಿಡಿದುಕೊಂಡು ತಾನೇ ಬಂದಳು. ಇಂಥವಳ ಜೊತೆ ಮುನಿಸಿಕೊಂಡರೆ ಬೆಳಗಿನ ಹೊತ್ತು ಹೋಗುವುದು ಹೇಗೆ?

ಹದಿನೇಳಕ್ಕೆ ಮಾಸುಮಬಿಯನ್ನು ತಿಕೋಟಾದ ಬಾಬುಸಾಬನಿಗೆ ಕೊಟ್ಟರು. ಹೊಲಮನೆ ಎಂದು ಅವನಿಗೆ ಏನೂ ಇರಲಿಲ್ಲ. ಒಬ್ಬ ಸಾಹುಕಾರರ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ, ಶೆಡ್ಡಿನ ಮೂಲೆಯ ಖೋಲಿಯಲ್ಲಿ ವಾಸ. ಹಂಗಾಮಿನಲ್ಲಿ ತಲೆಯ ಮೇಲೆ ಹತ್ತು ಸಾಲು ಬಲೆ, ಬಲೆಯ ಮೇಲೆ ಹಸಿರು ದ್ರಾಕ್ಷಿ, ಗಾಳಿ ಆಡಿದಂತೆ ಅದು ಬಾಡುತ್ತ, ಸುಕ್ಕಾಗುತ್ತ, ಸಿಹಿಯಾಗುತ್ತ ಹೋಗುತ್ತಿತ್ತು. ಮಾಸುಮಬಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಳಿನ ತೊಟ್ಟು ಬಿಡಿಸುತ್ತ ಕುಳಿತಳು. ಕೈ ತಾನಾಗಿ ಕೆಲಸ ಮಾಡುತ್ತಿತ್ತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಆ ಸಿಹಿ ವಾಸನೆಯಲ್ಲಿ ಎಚ್ಚರ ಯಾವುದು, ಜೊಂಪು ಯಾವುದು ಅವಳಿಗೇ ತಿಳಿಯುತ್ತಿರಲಿಲ್ಲ. ಜೊತೆಯ ಹೆಂಗಸರು, ಮಾಸುಮಾ ನಿದ್ದೆಯಲ್ಲಿ ಬಿಡಿಸಿದ ಕಾಳೇ ನಮಗಿಂತ ಸ್ವಚ್ಛ ಎಂದು ನಗುತ್ತಿದ್ದರು. ಒಳ್ಳೆಯ ದಿನಗಳು, ಸುಳ್ಳಲ್ಲ. ಐದು ವರ್ಷದ ಹಿಂದೆ ಬಾಬುಸಾಬ ತೀರಿಕೊಂಡ. ನಲವತ್ತು ದಿನ ಮುಗಿದ ಮೇಲೆ ಸಾಹುಕಾರರು ಸಂಕೋಚದಿಂದಲೇ, ಖೋಲಿಗೆ ಬೇರೆ ಗಂಡಹೆಂಡತಿ ಬರುತ್ತಾರೆ ಎಂದರು. ಅವರದೇನು ತಪ್ಪು? ಖೋಲಿ ಕೆಲಸದ್ದು, ಅವಳದಲ್ಲ. ಟ್ರಂಕು, ಕೌದಿ ತೆಗೆದುಕೊಂಡು ಅವಳು ಇಬ್ರಾಹಿಂಪುರಕ್ಕೆ ಬಂದಳು.

ಇದಾಗಿ ಒಂದೂವರೆ ವರ್ಷಕ್ಕೆ ಜೈನಾಪುರದಲ್ಲಿ ಲಾಡಲೇಸಾಬರು ಹೋದರು. ತೊಂಬತ್ತರ ಹತ್ತಿರದ ಜೀವ, ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೆಂಡತಿ ಎಷ್ಟೋ ಮೊದಲೇ ಮಣ್ಣಾಗಿದ್ದಳು. ಉಳಿದದ್ದು ಐದು ಎಕರೆ ಹೊಲ, ಮಕ್ಕಳು ಮೂವರು: ದೊಡ್ಡವನು ಅಬ್ದುಲಸಮದ, ನಡುವಿನವಳು ಮಾಸುಮಬಿ, ಕಿರಿಯವನು ಮುನಾಫ. ಮೂವರು ಎಂದು ಲೆಕ್ಕ ಹಿಡಿದದ್ದು ನಾನು. ಅವರ ಮನೆಯಲ್ಲಿ ಇಬ್ಬರು ಎಂದೇ ಹಿಡಿದಿದ್ದರು. ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು ಪಾಲು ಎಂದು ಧರ್ಮದಲ್ಲಿದೆ, ಅದು ಎಲ್ಲರಿಗೂ ಗೊತ್ತು. ರೂಢಿಯಲ್ಲಿ ಹೆಣ್ಣಿಗೆ ಇರುವುದು ಒಂದು ಸೀರೆ. ಅದಕ್ಕೆ ಮಾಫ್ ಮಾಡುವುದು ಎಂದು ಹೆಸರು; ತಂಗಿ ನಗುತ್ತ ಸಹಿ ಮಾಡುತ್ತಾಳೆ, ಅಣ್ಣ ತಲೆಯ ಮೇಲೆ ಕೈಯಿಡುತ್ತಾನೆ, ತವರಿನ ಬಾಗಿಲು ತೆರೆದೇ ಇರುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಗೆ ಜಾತಿಯೂ ಇಲ್ಲ, ಮತವೂ ಇಲ್ಲ.

ವಾಟ್ನಿ, ಎಂದರೆ ಆಸ್ತಿಯ ಪಾಲು, ಮಾಡುವುದಕ್ಕೆ ಆ ಕಡೆ ಒಂದು ಹಳೆಯ ಕ್ರಮವಿದೆ. ದೊಡ್ಡವನು ಪಾಲು ಹಾಕಬೇಕು, ಸಣ್ಣವನು ಎತ್ತಬೇಕು. ಪಾಲು ಹಾಕುವವನು ಮೋಸ ಮಾಡಿದರೆ ಆ ಮೋಸ ಅವನಿಗೇ ಉಳಿಯುತ್ತದೆ. ಎಷ್ಟೋ ಮನೆಗಳನ್ನು ಉಳಿಸಿದ ಕ್ರಮ ಅದು. ಅಬ್ದುಲಸಮದ ನಿಯತ್ತಿನ ಮನುಷ್ಯ, ಅಳೆದು ಸುರಿದು ಎರಡು ಪಾಲು ಹಾಕಿದ. ಒಂದಕ್ಕೆ ರಸ್ತೆ, ಇನ್ನೊಂದಕ್ಕೆ ಬಾವಿ. ಈಗ ಎತ್ತಪ್ಪಾ ಎಂದ. ಮುನಾಫ ಬದುವಿನ ಮೇಲೆ ಹೋಗಿ ನಿಂತ. ರಸ್ತೆಯ ಪಾಲು ಒಳ್ಳೆಯದೆನಿಸಿತು. ಹಾಗಾದರೆ ಅಣ್ಣ ಬಾವಿಯ ಪಾಲನ್ನು ಯಾಕೆ ಅಷ್ಟು ಅಕ್ಕರೆಯಿಂದ ಅಳೆದ? ಮರುವಾರ ಬಾವಿಯ ಪಾಲು ಎಂದುಕೊಂಡ. ಹಾಗಾದರೆ ರಸ್ತೆಗೆ ನಾಳೆ ಯೋಗ ಬಂದರೆ? ಅತ್ತ ದರಿ ಇತ್ತ ಪುಲಿ. ಮುಂಗಾರು ಹೋಯಿತು, ಹಿಂಗಾರು ಹೋಯಿತು, ಕಾಲುವೆಗೆ ನೀರು ಬಂತು, ಮುನಾಫ ಆರಿಸುತ್ತಲೇ ಇದ್ದ. ಹೀಗೆ ಮೂರು ವರ್ಷ! ಅಣ್ಣತಮ್ಮಂದಿರ ನಡುವೆ ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಹೆಂಡಂದಿರ ನಡುವೆ ಮಾತು ಹೆಚ್ಚಾಯಿತು. ಹೊಲದ ಉತಾರದಲ್ಲಿ, ಸರಕಾರದ ದಾಖಲೆಯಲ್ಲಿ, ಇನ್ನೂ ಲಾಡಲೇಸಾಬರ ಹೆಸರೇ ಇತ್ತು.

ಅಪ್ಪನ ಮನಸ್ಸಿನಲ್ಲಿ ಏನಿತ್ತೋ ಅದೇ ಆಗಲಿ ಎಂದು ಕೊನೆಗೆ ಇಬ್ಬರೂ ಒಪ್ಪಿದರು. ಸತ್ತವರ ಮನಸ್ಸನ್ನು ಕೇಳುವುದು ಎಲ್ಲಿ? ಬೇರೆ ಕಡೆಯಾದರೆ ವಕೀಲರ ಹತ್ತಿರ ಹೋಗುತ್ತಾರೆ. ಇವರು ತಂಗಿಯ ಕನಸಿನ ಹತ್ತಿರ ಬಂದರು.

ಅಬ್ಬಾ, ಎಂದರೆ ಲಾಡಲೇಸಾಬರು, ಅವಳ ಕನಸಿಗೆ ಬರುತ್ತಿದ್ದದ್ದು ನಿಜ. ಬಾರದೆ ಏನು? ವಾರಕ್ಕೆ ಎರಡು ಸಲ ಬರುತ್ತಿದ್ದರು. ಬಿಳಿ ಪೈಜಾಮ ಮೊಣಕಾಲ ತನಕ ಮಡಚಿಕೊಂಡು, ಪಡಸಾಲೆಯ ಗ್ರಿಲ್ಲುಗಳ ನಡುವಿನಿಂದ, ಅವು ಜೋಳದ ದಂಟುಗಳೇನೋ ಎಂಬಂತೆ ಸರಿಸಿಕೊಂಡು ಬರುತ್ತಿದ್ದರು. ಬಂದು ಛತ್ರಿ ಹುಡುಕುತ್ತಿದ್ದರು. “ಛತ್ರಿ ಎಲ್ಲಿಟ್ಟಿ ಬೇ ಮಾಸುಮಾ?” ಕೆಲವು ಸಲ, “ಎತ್ತಿಗೆ ನೀರ ತೋರ್ಸಿದ್ರಿಲ್ಲೋ?” ಎನ್ನುತ್ತಿದ್ದರು. ಒಮ್ಮೆ ಏನೂ ಅನ್ನದೆ ಅವಳ ಕೌದಿಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ದ್ರಾಕ್ಷಿಯ ತೊಟ್ಟು ಬಿಡಿಸಿದ್ದರು. ಜೀವಂತವಿದ್ದಾಗ ಅವರು ತಿಕೋಟಾದ ಶೆಡ್ಡಿಗೆ ಬಂದವರೇ ಅಲ್ಲ. ಎದ್ದ ಮೇಲೆ ಅವಳ ಬೆರಳುಗಳಿಗೆ ಸಿಹಿ ಅಂಟು ಹತ್ತಿದಂತಿತ್ತು. ಹೊಲದ ಮಾತನ್ನು ಮಾತ್ರ ಅವರು ಎಂದೂ ಎತ್ತಲಿಲ್ಲ.

ಅಣ್ಣ ಬರುವಾಗ ಜೋಳದ ಚೀಲ ತರುತ್ತಿದ್ದ. “ಅಬ್ಬಾ ಬಂದಿದ್ರೇನ್ ಬೇ? ಬಾವಿ ಮಾತ ಏನರೆ ತಗದಿದ್ರೇನು? ಆ ಬಾವಿ ತೋಡುವಾಗ ನಾನ ಮಣ್ಣ ಹೊತ್ತಾವ, ಅದ ಅವರಿಗೆ ನೆನಪ ಇರಬೇಕಲ್ಲ.”

ತಮ್ಮ ಬರುವಾಗ ಹಣ್ಣು ತರುತ್ತಿದ್ದ. “ಆಪಾ, ಅಬ್ಬಾ ಯಾವ ಕಡೆ ಮುಖ ಮಾಡಿ ನಿಂತಿದ್ರು? ರಸ್ತಾ ಕಡೆ ಏನು? ಸ್ವಲ್ಪ ನೆನಸ್ಕೊಂಡ ಹೇಳು.”

“ಛತ್ರಿ ಹುಡುಕಾಕತ್ತಿದ್ರಪಾ. ಛತ್ರಿ ಯಾವ ಕಡೆ ಇತ್ತೋ ಆ ಕಡೆ ಮುಖ ಇತ್ತು.”

ಇಬ್ಬರೂ ಅವಳ ತಂಗಿತನವನ್ನು, ಅಕ್ಕತನವನ್ನು ಇಷ್ಟು ನೆನೆದದ್ದು ಹಿಂದೆ ಎಂದೂ ಇಲ್ಲ. ನಿಜ ಹೇಳಬೇಕೆಂದರೆ ಆ ಭೇಟಿಗಳಿಂದ ಅವಳಿಗೆ ಸುಖವಾಗುತ್ತಿತ್ತು. ಅಣ್ಣನ ಚಪ್ಪಲಿ ಬಾಗಿಲಲ್ಲಿ ಕಂಡರೆ ನೆರೆಯವರ ಮುಂದೆ ಅವಳ ಎದೆ ಒಂದು ಗೇಣು ಉಬ್ಬುತ್ತಿತ್ತು. ತವರು ಎಂದರೆ ಏನು ಮತ್ತೆ? ಹೊಲವೇ, ಮನೆಯೇ? ಬಾಗಿಲಲ್ಲಿ ಕಾಣುವ ಆ ಚಪ್ಪಲಿಯೇ ತವರು.

ಆಸೆ ಹುಟ್ಟಿದ್ದು ಒಂದು ಮಧ್ಯಾಹ್ನದ ನಿದ್ದೆಯಲ್ಲಿ. ಚೈತ್ರದ ಬಿಸಿಲು, ಫಯಾಜನ ವೆಲ್ಡಿಂಗ್ ನಿಂತಿತ್ತು, ದೂರದಲ್ಲಿ ಗೂಡ್ಸ್ ಗಾಡಿಯೊಂದು ಮುಗಿಯದಂತೆ ಹೋಗುತ್ತಿತ್ತು. ಕನಸಿನಲ್ಲಿ ಹೊಲ ಎದ್ದು ನಡೆದುಬಂತು. ಜೈನಾಪುರದಿಂದ ಹೊರಟು, ಬಬಲೇಶ್ವರದ ಸಂತೆಯೊಳಗಿಂದ ಯಾರಿಗೂ ತಗಲದೆ ಹಾದು, ದಾರಿ ತಪ್ಪಿ ಇಟ್ಟಂಗಿಹಾಳಕ್ಕೆ ಹೋಗಿ ಯಾರನ್ನೋ ವಿಳಾಸ ಕೇಳಿ, ಮೈಯೆಲ್ಲ ಧೂಳು ಮಾಡಿಕೊಂಡು ಇಬ್ರಾಹಿಂಪುರದ ಗೇಟಿನ ಆಚೆ ಬಂದು ನಿಂತಿತು. ಗೇಟು ಹಾಕಿತ್ತು. ಗಾಡಿ ಹೋಗುವವರೆಗೆ ಹೊಲ ಸುಮ್ಮನೆ ಕಾಯ್ದಿತು, ಅದರ ಬೆನ್ನ ಮೇಲೆ ಬಿಳಿಜೋಳ ಮೆಲ್ಲಗೆ ತೂಗುತ್ತಿತ್ತು. ಗೇಟು ತೆರೆದ ಮೇಲೆ ಒಂದು ತುಂಡು ಮಾತ್ರ ಬಿಡಿಸಿಕೊಂಡು ಈಚೆ ಬಂತು. ಬಂದು, ಪಡಸಾಲೆಯಲ್ಲಿ ಹಿಡಿಸುವಷ್ಟು ಸಣ್ಣದಾಗಿ, ಅವಳ ಮಗ್ಗುಲಲ್ಲಿ ಮಲಗಿತು. ಕೈ ಹಾಕಿದರೆ ಮಣ್ಣು ಬೆಚ್ಚಗಿತ್ತು.

ಎದ್ದಾಗ ಅವಳ ಕಣ್ಣಲ್ಲಿ ನೀರಿತ್ತು. ಯಾಕೆ ಅಳುತ್ತಿದ್ದೇನೆ ಎಂದು ಕೌದಿ ಮಡಚುತ್ತ ಯೋಚಿಸಿದಳು. ಮಡಚುವ ಕೈ ಅಲ್ಲೇ ನಿಂತಿತು. ಅಬ್ಬಾನ ಮನೆಯಲ್ಲಿ ಹದಿನೇಳು ವರ್ಷ, ಸಾಹುಕಾರರ ಖೋಲಿಯಲ್ಲಿ ನಲವತ್ತು, ಅಳಿಯನ ಪಡಸಾಲೆಯಲ್ಲಿ ಐದು. ತನ್ನ ಹೆಸರಿದ್ದ ಅಂಗೈಯಗಲ ನೆಲದ ಮೇಲೆ ಒಂದು ದಿನವೂ ಮಲಗಿಲ್ಲ. ನನಗೆ ನನ್ನ ಪಾಲು ಬೇಕು ಎಂದು ಅವಳಿಗೆ ಅನಿಸಿತು. ಅನಿಸಿದ್ದೇ ತಡ ಕಳ್ಳತನ ಮಾಡಿದವಳಂತೆ ಬೆವತು, ನಳದ ಹತ್ತಿರ ಓಡಿದಳು. ನಳದಲ್ಲಿ ನೀರಿರಲಿಲ್ಲ.

ಎರಡು ದಿನ ಒಳಗೇ ಇಟ್ಟುಕೊಂಡು ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದ ಮಗಳಿಗೆ ಹೇಳಿದಳು. ನಸ್ರೀನ ರೊಟ್ಟಿಯನ್ನು ಹಂಚಿಗೆ ಹಾಕಿ, ಸುಟ್ಟು, ತೆಗೆದು, ಆಮೇಲೆ ಮಾತಾಡಿದಳು.

“ಕೇಳಿದ್ರ ಮಾಮುಗೋಳು ಮತ್ತ ಈ ಬಾಗಲಾ ತುಳಿಯೂದಿಲ್ಲ, ಅಮ್ಮಿ.”

“ಗೊತ್ತೈತಿ.”

“ಹಂಗಾರ ಹಿಂಗ ಮಾಡು. ಅಬ್ಬಾ ಕನಸಿನ್ಯಾಗ ಬಂದಿದ್ರು, ಮಾಸುಮಾಗ ಒಂದ ಎಕರೆ ಕೊಡ್ರಿ ಅಂದ್ರು ಅಂತ ಹೇಳಬಿಡು. ಅವರ ನಿನ್ನ ಬಾಯಾಗಿಂದ ಏನ ಬರ್ತೈತಿ ಅಂತ ಕಾಯಾಕತ್ತಾರ. ನಿನಗ ಹೊಲಾನೂ ಬಂತು, ತವರೂ ಉಳೀತು.”

ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮಗಳ ಜಾಣತನಕ್ಕೆ ಮಾಸುಮಬಿ ಬೆರಗಾದಳು. ನಾನೂ ಆಗುತ್ತೇನೆ. ಇಷ್ಟು ವರ್ಷ ಒಂದು ಸುಳ್ಳು ಕನಸನ್ನೂ ಹೇಳದೆ ಕೂಡಿಟ್ಟ ನಂಬಿಕೆ ಇತ್ತಲ್ಲ, ಅದನ್ನು ಒಂದೇ ಒಂದು ಸಲ ಖರ್ಚು ಮಾಡಬೇಕು, ಅಷ್ಟೇ.

ಆ ವರ್ಷವೇ ಕಾಗದಪತ್ರಕ್ಕೆ ಒಂದು ದಿನ ನಿಗದಿಯಾಯಿತು. ವಿಜಯಪುರದ ನೋಂದಣಿ ಕಚೇರಿಯ ಹೊರಗೆ ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂರುವ ಶಿವಶರಣಪ್ಪನವರು ದಸ್ತಾವೇಜು ಬರೆಯುವವರು. ವಾಟ್ನಿಗೆ ಮೊದಲು ತಂಗಿಯ ಹಕ್ಕು ಬಿಡುಗಡೆ ಪತ್ರ ಬೇಕು ಎಂದು ಅವರು ಹೇಳಿದ್ದರು. ಅಣ್ಣತಮ್ಮಂದಿರು ಅವಳಿಗೆ ಹೇಳಿಕಳಿಸಿದರು: ಬಂದು ಸಹಿ ಮಾಡಬೇಕು, ಅಬ್ಬಾ ಏನಂದರು ಎಂಬುದನ್ನೂ ಅಂದೇ ಇಬ್ಬರ ಎದುರು ಹೇಳಿಬಿಡಬೇಕು, ಅವಳು ಯಾವ ಪಾಲನ್ನು ಯಾರಿಗೆಂದರೆ ಅದೇ ಕಡೆಯ ಮಾತು.

ಆಟೋದಲ್ಲಿ ಹೋಗುವಾಗ ಅವಳಿಗೆ ಜೊಂಪು ಹತ್ತಿತು. ಗಾಂಧಿ ಚೌಕದ ಗದ್ದಲ ನೀರಿನೊಳಗಿಂದ ಕೇಳಿದಂತೆ ಕೇಳಿಸುತ್ತಿತ್ತು. ಅಬ್ಬಾ ರಸ್ತೆಯ ಪಕ್ಕದಲ್ಲಿ ಆಟೋದ ಜೊತೆಜೊತೆಗೆ ನಡೆಯುತ್ತಿದ್ದರು, ಅವಸರವಿಲ್ಲದೆ, ಆದರೂ ಹಿಂದೆ ಬೀಳದೆ. ಅವರ ಕೈಯಲ್ಲಿ ಛತ್ರಿ ಇರಲಿಲ್ಲ. ಅವಳು, ಅಬ್ಬಾ ನೀವು ಏನಾದರೂ ಹೇಳಿರಿ, ನಾನು ಹೋಗುತ್ತಿದ್ದೇನೆ ಎಂದಳು. ಅವರು ಅವಳನ್ನು ನೋಡಿ, “ಭಾಳ ಬಿಸಲ ಐತಿ ಬೇ” ಎಂದರು. ಅಷ್ಟು ಹೇಳಿ ಹಣ್ಣಿನ ಗಾಡಿಗಳ ನಡುವೆ ಹೊರಳಿಕೊಂಡರು.

ಶಿವಶರಣಪ್ಪನವರು ಪತ್ರ ಓದಿದರು. ಲಾಡಲೇಸಾಬ ಇವರ ಮಗಳಾದ ನಾನು, ಸ್ವಇಚ್ಛೆಯಿಂದ, ಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ. ಆ ಸಾಲನ್ನು ಅವರು ಎಷ್ಟು ತಂಗಿಯರಿಗೆ ಬರೆದಿದ್ದಾರೋ, ಓದುವಾಗ ಕಾಗದ ನೋಡುವ ಅಗತ್ಯವೂ ಅವರಿಗಿರಲಿಲ್ಲ. ಓದಿ ಮುಗಿಸಿ ಕನ್ನಡಕ ಏರಿಸಿದರು. “ತಿಳೀತಿಲ್ಲವಾ? ಇದಕ್ಕ ಸಹಿ ಮಾಡಿದ್ರ ಹೊಲದಾಗ ನಿಮಗ ಏನೂ ಉಳಿಯೂದಿಲ್ಲ.”

“ಸಹಿ ಆಮ್ಯಾಲ ಆಗ್ಲಿರಿ” ಎಂದ ಅಬ್ದುಲಸಮದ. “ಮೊದಲ ಕನಸ ಹೇಳು ಬೇ, ಮಾಸುಮಾ.”

ಇಬ್ಬರೂ ಅವಳತ್ತ ಬಾಗಿದರು. ಅರವತ್ತೆಂಟರ ಅಣ್ಣ, ಐವತ್ತೈದರ ತಮ್ಮ. ಇಬ್ಬರ ಮುಖದಲ್ಲೂ ಮಿಠಾಯಿಯ ಗಂಟು ಬಿಚ್ಚುವುದನ್ನು ನೋಡುವ ಮಕ್ಕಳ ಕಳೆ ಇತ್ತು. ಅವಳು ಈಗ ಏನು ಹೇಳಿದರೂ ನಂಬುತ್ತಾರೆ. ಒಂದು ಎಕರೆ ಕೊಡಿರಿ ಎಂದು ಅಬ್ಬಾ ಹೇಳಿದರು ಎಂದರೆ ಕಣ್ಣೊರೆಸಿಕೊಂಡು ಕೊಡುತ್ತಾರೆ. ನಾಳೆಯೂ ಅಣ್ಣನ ಚಪ್ಪಲಿ ಬಾಗಿಲಲ್ಲಿರುತ್ತದೆ. ಮಾತು ಅವಳ ನಾಲಿಗೆಯ ತುದಿಗೆ ಬಂತು. ಬಂದು, ಅಲ್ಲಿ ಕುಳಿತು, ಅವಳ ಕಡೆ ನೋಡಿತು. ಅವಳಿಗೆ ಆಟೋದ ಪಕ್ಕ ನಡೆದ ಅಬ್ಬಾನ ಬರಿಗೈ ಕಣ್ಣಿಗೆ ಕಟ್ಟಿತ್ತು. ಆ ಕೈಗೆ ತಾನು ಕಾಗದ ಕೊಟ್ಟು ಕಳಿಸಬೇಕೇ? ಬಾಯಿಲ್ಲದ ಅವರ ಬಾಯಲ್ಲಿ ತನ್ನ ಆಸೆ ಆಡಿಸಬೇಕೇ? ಅವಳಿಗೆ ಅಬ್ಬಾನ ಮೇಲೆ ಅಯ್ಯೋ ಎನಿಸಿತು, ತನ್ನ ಮೇಲೆ ಸಿಟ್ಟು ಬಂತು.

ಆಟೋದಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳಿದಳು.

“ಅಷ್ಟ?” ಎಂದ ಮುನಾಫ.

“ಅಷ್ಟ.”

“ಹೊಲದ ಮಾತು?”

“ಇವತ್ತೂ ಇಲ್ಲ. ಮೂರ ವರ್ಷದಾಗ ಒಮ್ಮೀನೂ ಇಲ್ಲ. ಅಬ್ಬಾ ಹೊಲ ಬಿಟ್ಟ ಹೋಗ್ಯಾರಪಾ. ನೀವ ಅವರನ್ನ ಬಿಡವಲ್ರಿ.” ಅವಳು ಸೆರಗು ಸರಿಮಾಡಿಕೊಂಡಳು. “ಕನಸ ಮುಗೀತು. ಈಗ ಎಚ್ಚರ ಇದ್ದ ಒಂದ ಮಾತ ಹೇಳ್ತೀನಿ. ನನಗ ನನ್ನ ಪಾಲ ಬೇಕ.”

ಶಿವಶರಣಪ್ಪನವರು ಪೆನ್ನಿನ ಮುಚ್ಚಳ ಹಾಕಿದರು.

“ಯಾರ ಕಲಿಸ್ಯಾರ ನಿನಗ ಇದನ್ನ? ಅಳಿಯಾನೇನು?” ಅಬ್ದುಲಸಮದ ಎದ್ದು ನಿಂತಿದ್ದ.

“ಯಾರೂ ಕಲಿಸಿಲ್ಲ, ಭಾಯಿ.”

“ಅಬ್ಬಾ ಹೇಳಿದ್ರೇನು ನಿನಗ ಕೊಡ ಅಂತ?”

“ಅಬ್ಬಾ ಹೇಳಲಿಲ್ಲ. ನಾ ಹೇಳಾಕತ್ತೇನಿ.”

ಶಿವಶರಣಪ್ಪನವರು ಕೆಮ್ಮಿದರು. “ಸಾಹೇಬ್ರ, ಸಿಟ್ಟ ಮಾಡಬ್ಯಾಡ್ರಿ. ಆಕಿ ಸಹಿ ಮಾಡಲಿಲ್ಲ ಅಂದ್ರ ನಿಮಗ ಎರಡೆರಡು, ಆಕಿಗೆ ಒಂದು. ಐದ ಎಕರೆ ಸರಿಹೋತು. ನೀವ ಮೂರ ಮಂದೀ ಆಸ್ತೀನ ಎರಡ ಪಾಲ ಮಾಡಿ ಮೂರ ವರ್ಷ ಆರಸಾಕತ್ತೀರಿ, ಅದ ಹೆಂಗ ಹೊಂದಬೇಕ್ರಿ?”

ಅಬ್ದುಲಸಮದ ಅದನ್ನು ಕೇಳಿಸಿಕೊಳ್ಳಲಿಲ್ಲ. ಇವತ್ತಿಗೆ ನಿನ್ನ ತವರು ಮುಗೀತು ಎಂದು ಹೇಳಿ ಬಿಸಿಲಿಗೆ ಇಳಿದ. ಮುನಾಫ ಅಣ್ಣನ ಹಿಂದೆ ಹೋಗಲೋ ಅಕ್ಕನ ಹತ್ತಿರ ನಿಲ್ಲಲೋ ತಿಳಿಯದೆ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಇಟ್ಟು, ಕೊನೆಗೆ ಅಣ್ಣನ ಹಿಂದೆ ಹೋದ. ಮಾಸುಮಬಿ ಬರೆದಿಟ್ಟ ಪತ್ರವನ್ನು ನೋಡುತ್ತ ಕುಳಿತಳು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಎದೆಯೊಳಗೆ ಏನೋ ಕಿತ್ತು ಬಂದಿತ್ತು, ಆ ಜಾಗ ಉರಿಯುತ್ತಿತ್ತು. ಶಿವಶರಣಪ್ಪನವರು ಚಹಾ ತರಿಸಿದರು. ಅವಳು ಕುಡಿಯಲಿಲ್ಲ.

ನಾಲ್ಕು ತಿಂಗಳು ಜೈನಾಪುರದಿಂದ ಯಾರೂ ಬರಲಿಲ್ಲ. ಹಬ್ಬಕ್ಕೆ ಸೇವಿಗೆ ಬರಲಿಲ್ಲ, ಜೋಳದ ಚೀಲ ಬರಲಿಲ್ಲ. ಕನಸುಗಳೂ ಮುನಿಸಿಕೊಂಡವು. ಬಿದ್ದರೂ ರೈಲಿನ ಸದ್ದು, ಖಾಲಿ ಬಲೆಗಳು, ಯಾರೂ ಕೂರದ ಹೊರಸು. ಅಬ್ಬಾನ ಸುಳಿವೇ ಇಲ್ಲ. ನಾನು ತಪ್ಪು ಮಾಡಿದೆನೇ ಎಂದು ಗುರುಬಸವ್ವನನ್ನು ಕೇಳಿದಳು. ಗುರುಬಸವ್ವ ಬಹಳ ಯೋಚಿಸಿ, “ನನಗ ಆ ಧೈರ್ಯ ಇರಲಿಲ್ಲ ಯಕ್ಕಾ. ನಾ ಸಹಿ ಮಾಡೇನಿ” ಎಂದಳು. ತವರಿನ ಪಾಲು ಬಿಟ್ಟು ಸಹಿ ಮಾಡಿದ್ದೇನೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು.

ದೀಪಾವಳಿಯ ಹೊತ್ತಿಗೆ ಮುನಾಫ ಫೋನ್ ಮಾಡಿದ. ಸಿಟ್ಟು ಎಷ್ಟಾದರೂ ಸಹಿಯಿಲ್ಲದೆ ಕಾಗದ ಮುಂದೆ ಹೋಗದು, ಉತಾರದಲ್ಲಿ ಹೆಸರು ಏರದು. ಅಣ್ಣ ಮೂರು ಪಾಲಿಗೆ ಒಪ್ಪಿದ್ದಾನೆ, ಅಳತೆಗೆ ಬಾ ಎಂದ. ದನಿಯನ್ನು ಸೂಜಿಯ ಮೊನೆಯಷ್ಟು ಸಣ್ಣದು ಮಾಡಿ, ಹುಷಾರಾಗಿದ್ದೀಯಾ ಆಪಾ ಎಂದೂ ಕೇಳಿದ.

ಬಬಲೇಶ್ವರದವರೆಗೆ ಬಸ್ಸು, ಅಲ್ಲಿಂದ ಟಂಟಂ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಹೊಲ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ತೊಡಗುತ್ತದೆ ಗೊತ್ತಾಗದೆ, ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ಎಂದು ಮಾಸುಮಬಿಗೆ ಒಂದು ಗಳಿಗೆ ಅನುಮಾನವಾಯಿತು. ಸೀರೆಯ ಅಂಚು ಇಬ್ಬನಿಗೆ ತೊಯ್ದು ಕಾಲಿಗೆ ಅಂಟಿದಾಗ ಇದು ಎಚ್ಚರವೇ ಎಂದು ಖಾತ್ರಿಯಾಯಿತು. ಅವಳು ಈ ಮಣ್ಣು ತುಳಿದು ಮೂರೂವರೆ ವರ್ಷವಾಗಿತ್ತು.

ಪಾಲು ಮೂರಾದ ಮೇಲೆ ಮುನಾಫನಿಗೆ ಆರಿಸುವುದು ಹಗುರವಾಯಿತು. ರಸ್ತೆಯ ಎರಡು ಎಕರೆ ನನಗೆ ಎಂದ, ಹಿಂದೆಮುಂದೆ ನೋಡದೆ. ಬಾವಿಯ ಕಡೆಯ ಎರಡು ಎಕರೆ ಅಬ್ದುಲಸಮದನದಾಯಿತು. ತಂಗಿಗೆ ಅವನು ಹಾಕಿದ ಒಂದು ಎಕರೆ ಕೊನೆಯದು, ಹಳ್ಳದ ಕಡೆಯ ಗರಸು ನೆಲ, ಕಾಲಿಟ್ಟರೆ ಕಲ್ಲು ಮಾತಾಡುವಂಥದು. ಮಾಸುಮಬಿ ಹೋಗಿ ಅದರ ನಡುವೆ ನಿಂತಳು. ಬೇಡ ಎನ್ನಲಿಲ್ಲ. ಅಳತೆಯವರು ಸರಪಳಿ ಸುತ್ತಿಕೊಂಡು ಚಹಾಕ್ಕೆಂದು ರಸ್ತೆಯ ಕಡೆ ಹೋದರು, ಮುನಾಫ ಅವರ ಜೊತೆ ಹೋದ. ಗಡಿ ತೋರುವ ಹದ್ದಿನ ಕಲ್ಲುಗಳನ್ನು ಇನ್ನೂ ಹೂತಿರಲಿಲ್ಲ, ನೆಲದ ಮೇಲೆ ಮಲಗಿಸಿದ್ದರು.

ಅಬ್ದುಲಸಮದ ದೂರದಲ್ಲಿ ನಿಂತಿದ್ದವನು ನಿಧಾನವಾಗಿ ಬಂದ. ನಾಲ್ಕು ತಿಂಗಳಲ್ಲಿ ಅವನು ಸೊರಗಿದ್ದ. ಅವಳ ಮುಖ ನೋಡದೆ, ಕಾಲಲ್ಲಿ ಒಂದು ಹೆಂಟೆ ಒಡೆಯುತ್ತ ಮಾತಾಡಿದ.

“ಅವತ್ತ ಒಂದ ಮಾತ ಅಂದಿದ್ರ ಆಗ್ತಿತ್ತು, ಮಾಸುಮಾ. ಅಬ್ಬಾ ಬಂದ ಹೇಳ್ಯಾರ ಅಂತ ಅಂದಿದ್ರ, ಬಾವಿ ಕಡೆ ನೆಲಾನ ನಗತಾ ಕೊಡ್ತಿದ್ದೆ.”

“ಗೊತ್ತಿತ್ತು, ಭಾಯಿ.”

“ಗೊತ್ತಿದ್ದೂ ಅನ್ನಲಿಲ್ಲ?”

“ಅದ ನೀ ಅಬ್ಬಾಗ ಕೊಟ್ಟಂಗ ಆಗ್ತಿತ್ತು” ಎಂದಳು ಮಾಸುಮಬಿ. “ನನಗ ಕೊಟ್ಟಂಗ ಆಗ್ತಿದ್ದಿಲ್ಲ.”

ಅವನು ಹೆಂಟೆ ಒಡೆಯುವುದನ್ನು ಬಿಟ್ಟ. ಆಮೇಲೆ ತಲೆ ಎತ್ತಿ, ತಂಗಿಯ ಮುಖವನ್ನು ಮೊದಲ ಸಲ ಕಾಣುತ್ತಿರುವವನಂತೆ ನೋಡಿ ಕೇಳಿದ:

“ನಿನಗ ಯಾವ ಕಡೆ ಬೇಕಾಗಿತ್ತ ಬೇ?”

ಅರವತ್ತೆರಡು ವರ್ಷದಲ್ಲಿ ಆ ಮಾತನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಮಾಸುಮಬಿ ಕೈ ಎತ್ತಿ ತೋರಿಸಿದಳು.